ಬಚ್ಚಲ ಬಾಗಿಲು ಮತ್ತು ಎಂಟನೆಯ ಹತ್ತರಿ

ನನ್ನ ಹೆಂಡತಿಗೆ ನಾನು ಒಂದು ಬಾಗಿಲು ಬಾಕಿ. ಆರು ವರ್ಷದ ಬಾಕಿ.

ಬಾಗಿಲೇ ಇಲ್ಲವೆಂದಲ್ಲ. ಬಚ್ಚಲಿಗೆ ಬಾಗಿಲಿದೆ, ನನ್ನ ಕೈಯಾರೆ ಮಾಡಿದ್ದು, ಹಲಗೆ ನೋಡಿದರೆ ಮುಖ ಕಾಣಬೇಕು ಅಷ್ಟು ನಯ. ಆದರೆ ಅದು ಮುಚ್ಚುವುದಿಲ್ಲ. ಮುಕ್ಕಾಲು ಪಾಲು ಬಂದು, ಮೇಲಿನ ಮೂಲೆ ಚೌಕಟ್ಟಿಗೆ ತಗುಲಿ, ಫ್ಯಾಕ್ಟರಿ ಗೇಟಿನ ಮುಂದೆ ಕೂತ ಮುಷ್ಕರದವನ ಹಾಗೆ ಇನ್ನೊಂದು ಹೆಜ್ಜೆಯೂ ಇಲ್ಲ ಎಂದು ನಿಂತುಬಿಡುತ್ತದೆ. ಚಿಲಕದ ನಾಲಗೆಗೂ ಚೌಕಟ್ಟಿನ ತೂತಿಗೂ ಆರು ವರ್ಷದಿಂದ ಮುಖಾಮುಖಿ ಮಾತುಕತೆ ನಡೆದಿಲ್ಲ.

ಹೀಗಾಗಿ ನಮ್ಮ ಮನೆಯಲ್ಲಿ ಒಂದು ಪದ್ಧತಿ. ಬಚ್ಚಲ ಒಳಗಿರುವವರು ಸದ್ದು ಮಾಡುತ್ತಲೇ ಇರಬೇಕು. ಸದ್ದು ನಿಂತರೆ ಒಳಗೆ ಯಾರೂ ಇಲ್ಲವೆಂದು ಅರ್ಥ. ಹೆಂಡತಿ ಮಗ್ಗಿ ಹೇಳುತ್ತಾಳೆ. ಎಂಟರ ಮಗ್ಗಿಗೆ ಹೊರಬಂದರೆ ಬರೀ ಮುಖ ತೊಳೆದಿದ್ದಾಳೆ, ಹದಿನೇಳರ ಮಗ್ಗಿ ಮುಟ್ಟಿದರೆ ತಲೆಗೆ ಸ್ನಾನ. ನನ್ನ ಗಂಟಲಿಗೆ ಬರುವುದು ಘೋಷಣೆಗಳು ಮಾತ್ರ. ‘ನಮ್ಮ ಬೇಡಿಕೆ’ ಎಂದು ನಾನು ಒಳಗಿನಿಂದ ಕೂಗಿದರೆ, ಎದುರು ಮನೆಯ ನಿವೃತ್ತ ಬಸ್ ಡ್ರೈವರ್ ಪೇಪರ್ ಓದುತ್ತಲೇ ‘ಈಡೇರಲೇಬೇಕು’ ಅನ್ನುತ್ತಾನೆ. (ಮೊದಲ ವಾರ ಬೀದಿಯವರು ಬಂದು ವಿಷಯ ಏನೆಂದು ವಿಚಾರಿಸಿದ್ದರು. ಸೋಪು ಜಾರಿತ್ತು ಎಂದು ಹೇಳಿ ಕಳಿಸಿದೆ.)

ಈಗ ನನ್ನ ಬಗ್ಗೆ ನಾಲ್ಕು ಮಾತು, ಇಲ್ಲದಿದ್ದರೆ ಮುಂದಿನ ಅನಾಹುತ ನಿಮಗೆ ಅರ್ಥವಾಗುವುದಿಲ್ಲ. ಪೀಠೋಪಕರಣದ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಹತ್ತರಿ ವಿಭಾಗದಲ್ಲಿ ದುಡಿದವನು ನಾನು. ಶಾಲೆಯ ಪುಸ್ತಕದಲ್ಲಿ ಉಜ್ಜುಗೊರಡು ಎಂದು ಬರೆಯುತ್ತಾರಲ್ಲ, ಮರದ ಮೈಯನ್ನು ತೆಳ್ಳಗೆ ಹೆರೆದು ನಯ ಮಾಡುವ ಸಾಧನ, ಅದೇ ಹತ್ತರಿ. ಅದರ ಜೊತೆಗೆ ಹತ್ತೊಂಬತ್ತು ವರ್ಷ ಸಂಘದ ಕಾರ್ಯದರ್ಶಿ. ತಲೆಯಲ್ಲಿ ಏಳು ಹೊಲಿಗೆ ಇವೆ, ಒಂದೊಂದಕ್ಕೂ ಒಂದೊಂದು ಲಾಠಿಯ ನೆನಪಿದೆ. ನಾವು ಗೆದ್ದದ್ದರಲ್ಲಿ ಅತಿ ದೊಡ್ಡದು ಒಂದು ನಿಯಮ: ಒಂದು ವಿಭಾಗದವನು ಇನ್ನೊಂದು ವಿಭಾಗದ ಕೆಲಸ ಮುಟ್ಟಕೂಡದು. ಆರು ಜನರ ಕೆಲಸವನ್ನು ನಾಲ್ಕು ಜನರ ಹೆಗಲಿಗೆ ಹೇರುತ್ತಿದ್ದ ಮ್ಯಾನೇಜರನ ಹೊಟ್ಟೆಯ ಮೇಲೆ ಹೊಡೆದ ನಿಯಮ ಅದು. ಅದಕ್ಕಾಗಿ ಗೇಟಿನ ಮುಂದೆ ಐವತ್ಮೂರು ದಿನ ಕೂತಿದ್ದೆವು. ಪ್ಯಾಕಿಂಗ್ ವಿಭಾಗದ ಒಬ್ಬಳು ಹುಡುಗಿ ನನ್ನ ಪಕ್ಕದಲ್ಲಿ ಕೂತು, ನಾನು ಬರೆದ ಕರಪತ್ರದಲ್ಲಿ ಹನ್ನೊಂದು ತಪ್ಪು ಹುಡುಕಿ, ಐವತ್ನಾಲ್ಕನೆಯ ದಿನ ನನ್ನನ್ನು ಮದುವೆಯಾಗಲು ಒಪ್ಪಿದಳು.

ಆ ನಿಯಮವನ್ನು ನಾನು ಇವತ್ತಿಗೂ ಮೀರಿಲ್ಲ. ತಿರುಪು, ಕೀಲು, ಚಿಲಕ ಇವೆಲ್ಲ ಫಿಟ್ಟಿಂಗ್ ವಿಭಾಗದ್ದು. ಆದ್ದರಿಂದ ನಮ್ಮ ಮನೆಯಲ್ಲಿ ಹತ್ತರಿ ಏಳಿವೆ, ಸ್ಕ್ರೂಡ್ರೈವರ್ ಒಂದೂ ಇಲ್ಲ. ತತ್ವ ಅಂದಮೇಲೆ ತತ್ವ.

ಇಂಥ ಶಾಂತ ಸಂಸಾರಕ್ಕೆ ಫೋನ್ ಬಂತು. ಹೆಂಡತಿಯ ಅಕ್ಕನ ಕಣ್ಣಿಗೆ ಪೊರೆ ಬಂದಿದೆ, ನಮ್ಮ ಮನೆ ಹತ್ತಿರದ ಆಸ್ಪತ್ರೆಗೆ ತೋರಿಸಬೇಕಂತೆ, ಮೂರು ವಾರ ಬಿಟ್ಟು ಶನಿವಾರ ಬಂದು ನಾಲ್ಕು ದಿನ ಇರುತ್ತಾಳಂತೆ. ಈ ಅಕ್ಕ ನಿವೃತ್ತ ಹೆಡ್‌ಮಿಸ್ಟ್ರೆಸ್. ಅವಳು ನೋಡಿದರೆ ಸೀಮೆಸುಣ್ಣ ತಾನಾಗಿ ನೆಟ್ಟಗೆ ಬರೆಯುತ್ತದೆ. ನಮ್ಮ ಮದುವೆಯ ದಿನ ಎಲ್ಲರ ಮುಂದೆ ತಂಗಿಗೆ ಹೇಳಿದ್ದಳು: “ಊರವರ ಬಾಗಿಲನ್ನೆಲ್ಲ ಬಡಿಯೋನು ಇವನು. ಮನೆ ಬಾಗಿಲು ಯಾವತ್ತು ನೋಡ್ಕೋತಾನೋ ನೋಡು.” ಕಳೆದ ಆರು ವರ್ಷದಿಂದ ಹೆಂಡತಿ ಏನೇನೋ ನೆಪ ಹೇಳಿ ಅಕ್ಕ ಒಂದು ಗಂಟೆಗಿಂತ ಹೆಚ್ಚು ನಮ್ಮ ಮನೆಯಲ್ಲಿ ಇರದ ಹಾಗೆ ನೋಡಿಕೊಂಡಿದ್ದಳು. ಆ ಗಂಟೆಯಲ್ಲೂ ಕುಡಿಯಲು ನೀರು ಕೊಡುತ್ತಿರಲಿಲ್ಲ.

“ಅಕ್ಕ ಮಗ್ಗಿ ಹೇಳಲ್ಲ,” ಫೋನ್ ಇಟ್ಟ ಹೆಂಡತಿ ಹೇಳಿದಳು.

“ಹಾಡ್ಲಿ.”

“ಅವಳು ಹಾಡಲ್ಲ. ಮೂವತ್ತು ವರ್ಷ ಮಕ್ಕಳಿಗೆ ‘ಸದ್ದು, ಸದ್ದು’ ಅಂದೋಳು. ಅವಳು ಬಚ್ಚಲಲ್ಲಿ ಕೂತು ಕೆಮ್ಮೋದೂ ಇಲ್ಲ. ನಾನು ಇವತ್ತಿನವರೆಗೆ ನಿಮ್ಮನ್ನ ಏನೂ ಕೇಳಿಲ್ಲ.”

“ನಿನ್ನೆ ತಾನೆ ಕೇಳಿದ್ಯಲ್ಲ, ಕಿಟಕಿ ಒರೆಸಿ ಅಂತ.”

“ಅಕ್ಕ ಬರೋದ್ರೊಳಗೆ ಆ ಬಾಗಿಲು ಮುಚ್ಚಬೇಕು. ಅವಳ ಬಾಯಲ್ಲಿ ‘ನಾನು ಅವತ್ತೇ ಹೇಳಿರಲಿಲ್ವಾ’ ಅನ್ನೋದು ಬರಬಾರದು. ಅಷ್ಟೆ.”

“ಮುಚ್ಚುತ್ತೆ ಬಿಡು. ಅದಕ್ಕೊಂದು ಹತ್ತರಿ ತರಬೇಕು.”

ಹೆಂಡತಿ ಗೋಡೆಯ ಕಡೆ ತಿರುಗಿದಳು. ಅಲ್ಲಿ ಏಳೂ ಸಾಲಾಗಿ ಕೂತಿವೆ. ಅವಳು ಅವನ್ನು ನಿಧಾನವಾಗಿ ಎಣಿಸಿದಳು.

“ಇವು ಯಾರು? ನೆಂಟರಾ?”

ನಾನು ಸಮಾಧಾನದಿಂದ ವಿವರಿಸಿದೆ. ಮೊದಲನೆಯದು ನನಗೆ ಕೆಲಸ ಕಲಿಸಿದ ಮೇಸ್ತ್ರಿ ಕೊಟ್ಟದ್ದು, ಅದರ ಹಿಡಿಯಲ್ಲಿ ಅವರ ಹೆಬ್ಬೆರಳಿನ ಗುಳಿ ಇದೆ, ಅದನ್ನು ಬಳಸುವುದಿಲ್ಲ, ಗೌರವಿಸುತ್ತೇವೆ. ಎರಡನೆಯದು ಒರಟು ಮರಕ್ಕೆ. ಮೂರನೆಯದು ಎರಡನೆಯದು ಕೆಡಿಸಿದ್ದನ್ನು ಸರಿಮಾಡಲು. ನಾಲ್ಕು ಮತ್ತು ಐದು ನೋಡಲು ಒಂದೇ ಥರ, ಆದರೆ ಅಲ್ಲ. ಆರನೆಯದರ ಅಲಗು ಏಳನೆಯದಕ್ಕೆ ಹಾಕಿದೆ. ಇವುಗಳಲ್ಲಿ ಯಾವುದೂ ಬಾಗಿಲಿನ ಅಂಚಿಗೆ ಹೇಳಿ ಮಾಡಿಸಿದ್ದಲ್ಲ.

“ಬಾಗಿಲು ಮಾಡಿದ್ದು ಯಾವುದರಲ್ಲಿ?” ಅಂದಳು.

ಪ್ಯಾಕಿಂಗ್ ವಿಭಾಗದವರಿಗೆ ಇಂಥ ಸೂಕ್ಷ್ಮ ತಿಳಿಯುವುದಿಲ್ಲ ಎಂದು ಬಾಯಿಗೆ ಬಂತು. ನುಂಗಿಕೊಂಡು ಚಪ್ಪಲಿ ಮೆಟ್ಟಿದೆ.

ಹತಾರದ ಅಂಗಡಿಯವನು ಹಸಿರು ಬಟ್ಟೆ ಹಾಸಿ ಮೂರು ಹತ್ತರಿ ತಂದಿಟ್ಟ. ಒಂದು ಉದ್ದನೆಯದು, ಮೊಳಕ್ಕಿಂತ ಉದ್ದ, ಎಂಥ ಅಂಚನ್ನೂ ನೂಲು ಹಿಡಿದ ಹಾಗೆ ನೇರ ಮಾಡುವಂಥದ್ದು. ಇನ್ನೊಂದು ಗಿಡ್ಡ, ಅಂಗೈಯಲ್ಲಿ ಗುಬ್ಬಚ್ಚಿ ಮರಿಯ ಹಾಗೆ ಕೂರುವುದು, ಅಡ್ಡ ಕೊಯ್ದ ತುದಿಗಳಿಗೆ. ಮೂರನೆಯದರ ಅಲಗು ಮೈಯ ಕೊನೆಯವರೆಗೂ ಚಾಚಿರುತ್ತದೆ, ಬೇರೆ ಹತ್ತರಿ ಹೋಗದ ಮೂಲೆಗೂ ಹೋಗಿ ಕಚ್ಚುತ್ತದೆ. ಒಂದು ಚೂರು ಮರವನ್ನೂ ಕೊಟ್ಟ, ನೋಡಿ ಅಂದ. ಉದ್ದನೆಯದನ್ನು ಒಮ್ಮೆ ತಳ್ಳಿದೆ. ಸುರುಳಿ ಎದ್ದು ಬಂತು. ಅದನ್ನು ಬಿಡಿಸಿ ಕಣ್ಣಿಗೆ ಹಿಡಿದರೆ ಅದರ ಮೂಲಕ ಅಂಗಡಿಯವನ ಮೀಸೆ ಕಾಣುತ್ತಿತ್ತು. ಮದುವೆಯ ದಿನವೂ ನನಗೆ ಅಷ್ಟು ಹಗುರ ಅನ್ನಿಸಿರಲಿಲ್ಲ. (ಇದನ್ನು ಹೆಂಡತಿ ಓದುವುದಿಲ್ಲ ಎಂದು ಭಾವಿಸಿದ್ದೇನೆ.)

“ಯಾವ ಕೆಲಸಕ್ಕೆ ಬೇಕು ಸಾರ್?” ಅಂದ.

ಬಚ್ಚಲ ಬಾಗಿಲು ಎಂದು ಹೇಳಲು ಮನಸ್ಸು ಬರಲಿಲ್ಲ. “ಜವಾಬ್ದಾರಿ ಕೆಲಸ,” ಅಂದೆ.

ಮೂರನ್ನೂ ತರುವಷ್ಟು ಪಿಂಚಣಿ ಇಲ್ಲ. ಒಂದನ್ನು ಆರಿಸುವ ಎದೆ ಇಲ್ಲ. ಜೀವಮಾನದಲ್ಲಿ ಒಬ್ಬನೇ ನಿರ್ಧಾರ ತೆಗೆದುಕೊಂಡವನಲ್ಲ ನಾನು, ಅದು ಸರ್ವಾಧಿಕಾರ. ಹಾಗಾಗಿ ಉಪಸಮಿತಿ ರಚಿಸಿದೆ. ಸದಸ್ಯರು ಇಬ್ಬರು: ನಾನು ಮತ್ತು ನನ್ನ ಹಳೆಯ ಸಂಗಾತಿ ತಿದ್ದುಪಡಿ. ಅವನ ನಿಜ ಹೆಸರು ಅವನ ಮನೆಯವರಿಗೂ ಮರೆತಿದೆ. ಪಾಲಿಶ್ ವಿಭಾಗದವನು. ಮೂವತ್ತೊಂದು ವರ್ಷದಲ್ಲಿ ಸಂಘದ ಯಾವ ನಿರ್ಣಯವೂ ಅವನ ತಿದ್ದುಪಡಿ ಇಲ್ಲದೆ ಅಂಗೀಕಾರವಾಗಿಲ್ಲ. ಸಂತಾಪ ಸೂಚಕ ನಿರ್ಣಯಕ್ಕೂ ತಂದಿದ್ದಾನೆ.

ಉಪಸಮಿತಿ ನಮ್ಮ ಅಡುಗೆಮನೆಯ ಮೇಜಿನ ಸುತ್ತ ಒಂಬತ್ತು ಸಲ ಸೇರಿತು. ನಾನು ಉದ್ದನೆಯದರ ಪರ ಮಾತಾಡಿದ ದಿನ ಅವನು ಗಿಡ್ಡದರ ಪರ. ನಾನು ಗಿಡ್ಡದಕ್ಕೆ ಒಪ್ಪಿದ ದಿನ ಅವನು ಮೂಲೆಯದಕ್ಕೆ ಜಿಗಿದ. ನಾಲ್ಕನೆಯ ಸಭೆಯಲ್ಲಿ, ನಿರ್ಣಯದಲ್ಲಿರುವ ‘ಬಾಗಿಲು’ ಎಂಬ ಪದವನ್ನು ತೆಗೆದು ‘ಪರದೆ’ ಎಂದು ಸೇರಿಸಬೇಕು ಎಂದ. ಅದರ ಚರ್ಚೆಗೇ ಮೂರು ದಿನ ಹೋಯಿತು.

ಹೆಂಡತಿ ದಿನಾ ಕೇಳುತ್ತಿದ್ದಳು. “ಏನಾಯ್ತು ಬಾಗಿಲು?”

“ಪರಿಶೀಲನೆಯಲ್ಲಿದೆ.”

“ಯಾವತ್ತು ಮುಗಿಯುತ್ತೆ?”

“ಸೂಕ್ತ ಸಮಯದಲ್ಲಿ.”

ಹೇಳಿದ ಮೇಲೆ ನನ್ನ ನಾಲಗೆಯೇ ನನಗೆ ಹುಳಿಯಾಯಿತು. ಈ ಎರಡೂ ಮಾತುಗಳನ್ನು ನಾನು ಹಿಂದೆ ಕೇಳಿದ್ದು ಮ್ಯಾನೇಜರನ ಬಾಯಿಂದ, ಗೇಟಿನ ಆಚೆ ಬದಿಯಿಂದ. ಹೆಂಡತಿಗೂ ನೆನಪಿತ್ತು. ಅವಳು ನನ್ನನ್ನು ಮೇಲಿನಿಂದ ಕೆಳಗೆ ಒಮ್ಮೆ ನೋಡಿದಳು, ಟೈ ಎಲ್ಲಿ ಎಂದು ಹುಡುಕುವವಳ ಹಾಗೆ.

ಮಾರನೆಯ ಬೆಳಿಗ್ಗೆ ಬಚ್ಚಲ ಬಾಗಿಲಿಗೆ ಒಂದು ಕಾಗದ ಅಂಟಿಸಿತ್ತು. ತಲೆಬರಹ: ಬೇಡಿಕೆ ಪಟ್ಟಿ. ಬೇಡಿಕೆ ಒಂದು: ಈ ಬಾಗಿಲು ಮುಚ್ಚಬೇಕು. ಬೇಡಿಕೆ ಎರಡು: ಇಲ್ಲ. ಒಂದು ತಪ್ಪೂ ಇರಲಿಲ್ಲ. ಹತ್ತು ಬೇಡಿಕೆ ಇಟ್ಟವರಿಗೆ ಒಂದು ಕೊಟ್ಟು ಕಳಿಸಬಹುದು, ಒಂದೇ ಬೇಡಿಕೆ ಇಟ್ಟವರನ್ನು ಏನೂ ಮಾಡಲಾಗದು. ಇದನ್ನು ಅವಳಿಗೆ ಗೇಟಿನ ಮುಂದೆ ಕಲಿಸಿದವನು ನಾನೇ.

ಮಧ್ಯಾಹ್ನ ಚಹಾ ಕೇಳಿದೆ. ಒಂದು ಲೋಟ ಬಿಸಿನೀರು ಬಂತು.

“ಇದೇನಿದು?”

“ನೀರು ಕಾಯಿಸೋದು ನನ್ನ ವಿಭಾಗ. ಚಹಾಪುಡಿ ಹಾಕೋದು, ಸಕ್ಕರೆ ಹಾಕೋದು ಬೇರೆ ವಿಭಾಗ. ಒಬ್ಬರ ಕೆಲಸ ಇನ್ನೊಬ್ಬರು ಮುಟ್ಟಬಾರದು ಅಂತ ರೂಲಿದೆ. ಐವತ್ಮೂರು ದಿನ ಕೂತು ಮಾಡಿಸಿದ್ದು.”

ಅಂಗಿಯ ಗುಂಡಿ ಕಿತ್ತುಹೋಗಿತ್ತು. ಗುಂಡಿಯನ್ನು ಸರಿಯಾದ ಜಾಗದಲ್ಲಿ ಇಟ್ಟುಕೊಟ್ಟಳು. ಹೊಲಿಯುವುದು ಅವಳ ವಿಭಾಗವಲ್ಲವಂತೆ. ಊಟಕ್ಕೆ ಕೂತರೆ ತಟ್ಟೆ ಬಂತು, ತಟ್ಟೆಯಲ್ಲಿ ತಟ್ಟೆಯೇ ಇತ್ತು. ಉಪಸಮಿತಿಯ ಇನ್ನೊಬ್ಬ ಸದಸ್ಯನಿಗೆ ಮಾತ್ರ ಎರಡು ಚಮಚ ಸಕ್ಕರೆ ಹಾಕಿದ ಚಹಾ ಕೊಟ್ಟಳು. ತಿದ್ದುಪಡಿ ಎರಡು ಗುಟುಕು ಕುಡಿದು, “ಅತ್ತಿಗೆಯ ಬೇಡಿಕೆ ನ್ಯಾಯವಾಗಿದೆ ಕಣೋ,” ಅಂದ.

“ಎರಡು ಚಮಚಕ್ಕೆ ಮಾರಿಕೊಂಡ್ಯಲ್ಲೋ.”

“ಎರಡೂವರೆ,” ಎಂದು ತಿದ್ದುಪಡಿ ತಂದ.

ಶುಕ್ರವಾರ ಸಂಜೆ ನಾನು ಸೋತೆ. ಅಂಗಡಿಗೆ ಓಡಿ, ಕಣ್ಣುಮುಚ್ಚಿ ಕೈಯಿಟ್ಟೆ. ಉದ್ದನೆಯದು ಸಿಕ್ಕಿತು. (ಕಣ್ಣು ಪೂರ್ತಿ ಮುಚ್ಚಿರಲಿಲ್ಲ.)

ಶನಿವಾರ ಬೆಳಿಗ್ಗೆ ಕೆಲಸ ಹಿಡಿದೆ. ಬಾಗಿಲನ್ನು ಕಳಚಿ ಮೇಜಿನ ಮೇಲಿಟ್ಟು ಹತ್ತರಿ ಹೊಡೆಯುವುದು ಕ್ರಮ. ಕಳಚಬೇಕಾದರೆ ಕೀಲಿನ ತಿರುಪು ಬಿಚ್ಚಬೇಕು, ಅದು ನನ್ನ ವಿಭಾಗವಲ್ಲ. ಹಾಗಾಗಿ ಬಾಗಿಲು ಇದ್ದಲ್ಲೇ ಇರಲಿ ಎಂದು ಸ್ಟೂಲು ಹತ್ತಿ ನಿಂತೆ. ತಿದ್ದುಪಡಿ ಆ ಕಡೆಯಿಂದ ಬಾಗಿಲನ್ನು ಅಪ್ಪಿ ಹಿಡಿದ.

“ಗಟ್ಟಿಯಾಗಿ ಹಿಡ್ಕೋ.”

“ಹಿಡಿದಿದ್ದೀನಿ. ಅಲ್ಲಾಡ್ತಿದೆ ಕಣೋ ಇದು.”

“ಬಾಗಿಲು ಅಲ್ಲಾಡಲ್ಲ. ನೀನು ಅಲ್ಲಾಡ್ತಿದ್ದೀಯ. ಎರಡೂವರೆ ಚಮಚದ ದಿನದಿಂದ ಅಲ್ಲಾಡ್ತಿದ್ದೀಯ.”

ಮೇಲಿನ ಮೂಲೆಯಲ್ಲಿ ನಾಲ್ಕು ಸಲ ಎಳೆದೆ. ಸುರುಳಿಗಳು ಸ್ಟೂಲಿನ ಸುತ್ತ ಬಿದ್ದವು. ಅಲ್ಲಿಗೆ ನಿಲ್ಲಿಸಬಹುದಿತ್ತು, ಎಂದು ಈಗ ಎಲ್ಲರೂ ಹೇಳುತ್ತಾರೆ. ಆದರೆ ಮೇಲೆ ತೆಗೆದು ಕೆಳಗೆ ಬಿಟ್ಟರೆ ಅಸಮಾನತೆ. ನಾನು ಬದುಕಿನುದ್ದಕ್ಕೂ ಅಸಮಾನತೆಯ ವಿರುದ್ಧ ಬಡಿದಾಡಿದವನು. ಕೆಳಗೂ ನಾಲ್ಕು ಎಳೆದೆ. ಆಗ ನಡುವೆ ಉಬ್ಬಿತು, ನಡುವಿನವರನ್ನು ಬಿಡಲಾದೀತೆ? ಮತ್ತೆ ಮೇಲೆ ಒಂದೆರಡು. ಹತ್ತರಿ ತನ್ನಷ್ಟಕ್ಕೆ ಹಾಡುತ್ತಿತ್ತು. ಕೊನೆಗೆ ಮೇಲಿನಿಂದ ಕೆಳಗಿನವರೆಗೆ ಅಂಚು ಎಷ್ಟು ನೇರವಾಯಿತೆಂದರೆ ಅದನ್ನು ನೋಡಿ ನನಗೇ ಬೆನ್ನು ನೆಟ್ಟಗಾಯಿತು.

ಬಾಗಿಲು ಮುಚ್ಚಿತು. ಚಿಲಕದ ನಾಲಗೆ ಹೋಗಿ ತೂತಿನಲ್ಲಿ ಕೂತಿತು.

ಹೆಂಡತಿ ಅಡುಗೆಮನೆಯಿಂದ ಬಂದು ಮೂರು ಸಲ ಮುಚ್ಚಿ ತೆಗೆದು ನೋಡಿದಳು. ನಾಲ್ಕನೆಯ ಸಲ ಟವೆಲ್ ತೆಗೆದುಕೊಂಡು ಒಳಗೆ ಹೋಗಿ ಚಿಲಕ ಹಾಕಿಕೊಂಡಳು. ನಾವಿಬ್ಬರೂ ಹೊರಗೆ ನಿಂತು ಕಿವಿ ಕೊಟ್ಟೆವು. ಎರಡರ ಮಗ್ಗಿಯೂ ಇಲ್ಲ. ನೀರಿನ ಸದ್ದು ಬಿಟ್ಟರೆ ಏನೂ ಇಲ್ಲ. ಮುಕ್ಕಾಲು ಗಂಟೆಯ ನಂತರ ಹೊರಬಂದಳು. “ಆರು ವರ್ಷ ಆಗಿತ್ತು ಬಾಯಿ ಮುಚ್ಕೊಂಡು ಸ್ನಾನ ಮಾಡಿ,” ಅಂದಳು. ಅಷ್ಟೇ ಅಂದದ್ದು. ಚಹಾ ಬಂತು, ಸಕ್ಕರೆ ಸಮೇತ. ಬಾಗಿಲಿನ ಕಾಗದವನ್ನು ಅವಳೇ ಕಿತ್ತಳು.

ಸಂಜೆ ಅಕ್ಕ ಬಂದಳು. ಪೊರೆ ಬಂದ ಕಣ್ಣಿಗೆ ಕಪ್ಪು ಕನ್ನಡಕ, ಕೈಯಲ್ಲಿ ಕೊಡೆ. ನನ್ನ ಕಡೆ ತಿರುಗಿ, “ಯಾರದು, ಕಾರ್ಯದರ್ಶಿಗಳಾ? ಮಂಜುಮಂಜಾಗಿ ಕಾಣ್ತೀರಿ. ಮೊದಲಿಗಿಂತ ಪರವಾಗಿಲ್ಲ,” ಅಂದಳು. ಕೈಕಾಲು ತೊಳೆಯಲು ಬಚ್ಚಲಿಗೆ ಹೋದಳು. ಬಾಗಿಲು ಮುಚ್ಚಿತು. ಚಿಲಕ ಬಿತ್ತು. ಮೌನ. ಹೆಂಡತಿ ನನ್ನ ಕಡೆ ನೋಡಿದ ನೋಟವನ್ನು ನಾನು ಚೌಕಟ್ಟು ಹಾಕಿಸಿ ಇಟ್ಟುಕೊಳ್ಳುತ್ತಿದ್ದೆ, ಚೌಕಟ್ಟು ಬೇರೆ ವಿಭಾಗದ್ದಾಗಿರದಿದ್ದರೆ.

ಅಕ್ಕ ಹೊರಬಂದಳು. ಬಂದವಳು ಮುಂದೆ ಬರಲಿಲ್ಲ. ತೆರೆದ ಬಾಗಿಲನ್ನು ಒಂದು ಕೈಯಲ್ಲಿ ಹಿಡಿದು ಮೆಲ್ಲಗೆ ಅಲ್ಲಾಡಿಸಿದಳು. ಟಕ್, ಟಕ್.

“ಇದೇನು, ಬೀಳೋ ಹಲ್ಲಿನ ಥರ ಅಲ್ಲಾಡ್ತಿದೆ?”

“ಏನೂ ಇಲ್ಲ ಅಕ್ಕ, ಇವತ್ತೇ ಸರಿಮಾಡಿದ್ದು,” ಅಂದೆ.

“ಕಣ್ಣಿಗೆ ಪೊರೆ ಬಂದಿರೋದು, ಕಿವಿಗಲ್ಲ. ಮೇಲಿನ ಕೀಲು ಸಡಿಲಾಗಿದೆ. ಬಾಗಿಲು ಜೋತುಬಿದ್ದಿದೆ. ಮೂವತ್ತು ವರ್ಷ, ಹದಿನೆಂಟು ಕೊಠಡಿ, ಪ್ರತಿ ರಜೆಯಲ್ಲೂ ನಾನೇ ಬಿಗಿ ಮಾಡ್ತಿದ್ದೆ. ಇದನ್ನ ಹಾಕಿದ್ದು ಯಾರು?”

“ಫಿಟ್ಟಿಂಗ್ ವಿಭಾಗದ ಗೆಳೆಯ.”

“ಬಿಗಿ ಮಾಡಬೇಕಾದೋರು ಯಾರು?”

“ಅವನೇ.”

“ಎಲ್ಲಿದಾನೆ?”

“ತೀರಿಕೊಂಡು ಐದು ವರ್ಷ ಆಯ್ತು.”

“ಓ. ಅವನಿಗೋಸ್ಕರ ಕಾಯ್ತಿದ್ರಾ?”

ತಿದ್ದುಪಡಿ ಗೋಡೆಯ ಕಡೆ ತಿರುಗಿಕೊಂಡ. ಅವನ ಹೆಗಲು ಕುಣಿಯುತ್ತಿತ್ತು.

“ಒಂದು ನಾಣ್ಯ ಕೊಡು,” ಎಂದು ಅಕ್ಕ ತಂಗಿಗೆ ಹೇಳಿದಳು. ನಾನು ಬೇಡ ಅನ್ನುವುದರೊಳಗೆ ಸ್ಟೂಲು ಹತ್ತಿದ್ದಳು. ಬೆರಳಿನಿಂದ ತಡವಿ, ನಾಣ್ಯದ ಅಂಚು ಸಿಕ್ಕಿಸಿ, ಮೂರು ತಿರುಪು, ಒಂದೊಂದಕ್ಕೆ ನಾಲ್ಕು ತಿರುವು. ಒಂದು ನಿಮಿಷವೂ ಆಗಲಿಲ್ಲ. ಬಾಗಿಲು ಮೇಲೆದ್ದು, ಹಿಂದೆ ಸರಿದು, ಕೀಲಿನ ಬದಿಗೆ ಒರಗಿ ನೆಟ್ಟಗೆ ನಿಂತಿತು. ಆರು ವರ್ಷದ ಹಿಂದೆ ನಾನು ಮಾಡಿದ ಆ ಬಾಗಿಲು ಅದರ ಜಾಗಕ್ಕೆ ಸರಿಯಾಗಿಯೇ ಇತ್ತು, ಕೂದಲೆಳೆಯಷ್ಟೂ ಹೆಚ್ಚಿರಲಿಲ್ಲ.

ಅಕ್ಕ ಬೆರಳ ತುದಿಯಿಂದ ತಳ್ಳಿದಳು. ಬಾಗಿಲು ಬೆಣ್ಣೆಯ ಹಾಗೆ ಹೋಗಿ ಮುಚ್ಚಿಕೊಂಡಿತು.

ಚೌಕಟ್ಟಿಗೂ ಅಂಚಿಗೂ ನಡುವೆ ಮೇಲಿನಿಂದ ಕೆಳಗಿನವರೆಗೆ ಒಂದು ಬೆರಳಗಲದ ಸೀಳು. ಒಳಗಿನ ಬಕೆಟ್, ಸೋಪಿನ ಡಬ್ಬಿ, ನಲ್ಲಿ, ಎಲ್ಲವೂ ನಡುಮನೆಗೆ ಕಾಣುತ್ತಿದ್ದವು. ಚಿಲಕದ ನಾಲಗೆ ಚಾಚಿದರೂ ತೂತು ಮುಟ್ಟದೆ ಗಾಳಿಯಲ್ಲಿ ನಿಂತಿತು. ಒಂದು ಮಾತು ಹೇಳಲೇಬೇಕು: ಸೀಳು ಮಾತ್ರ ನೂಲು ಹಿಡಿದ ಹಾಗೆ ನೇರವಾಗಿತ್ತು. ಅಷ್ಟು ನೇರವಾದ ಸೀಳನ್ನು ಈ ಬೀದಿಯಲ್ಲಿ ಬೇರೆ ಯಾವನೂ ಮಾಡಲಾರ.

“ತೆಗೆದಿದ್ದನ್ನ ವಾಪಸ್ ಹಾಕೋಕಾಗುತ್ತಾ?” ಅಕ್ಕ ಕೇಳಿದಳು. ಎಲ್ಲರೂ ಸುರುಳಿ ತುಂಬಿದ ಬುಟ್ಟಿಯ ಕಡೆ ನೋಡಿದೆವು.

“ಅಂಚಿಗೆ ಒಂದು ರೀಪು ಅಂಟಿಸಿದರಾಯ್ತು, ಬೆರಳಗಲದ ಮರದ ಪಟ್ಟಿ,” ಅಂದೆ. ಅಲ್ಲಿಗೆ ಬಾಯಿ ಮುಚ್ಚಿದ್ದರೆ ಬದುಕಿಕೊಳ್ಳುತ್ತಿದ್ದೆ. ಹಾಳು ನಾಲಗೆ ಮುಂದುವರಿಯಿತು. “ಅದರ ತುದಿ ನಯ ಮಾಡೋಕೆ ಆ ಗಿಡ್ಡ ಹತ್ತರಿ ಒಂದು ಇದ್ದಿದ್ರೆ...”

ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ತಿದ್ದುಪಡಿ ತಿದ್ದುಪಡಿ ತರಲಿಲ್ಲ.

ಹೆಂಡತಿ ಗೋಡೆಯಿಂದ ಏಳು ಹತ್ತರಿ, ನೆಲದಿಂದ ಎಂಟನೆಯದು, ಒಂದೊಂದಾಗಿ ಎತ್ತಿ ತನ್ನ ಕಬ್ಬಿಣದ ಬೀರುವಿನಲ್ಲಿಟ್ಟು ಬೀಗ ಹಾಕಿದಳು. ಕೀಲಿಕೈಯನ್ನು ಅಕ್ಕನ ಕೈಗೆ ಕೊಟ್ಟಳು.

“ಲಾಕೌಟ್,” ಅಂದಳು.

“ಹತ್ತರಿ ಇಲ್ಲದೆ ನಾನು ಹೇಗೆ...”

“ಹತ್ತರಿಯಿಂದ ಕಮ್ಮಿ ಆಗುತ್ತೆ. ಜಾಸ್ತಿ ಆಗಲ್ಲ. ನಮಗೆ ಈಗ ಬೇಕಾಗಿರೋದು ಜಾಸ್ತಿ.”

ಅಕ್ಕ ಕೀಲಿಕೈಯನ್ನು ಕೈಚೀಲಕ್ಕೆ ಹಾಕಿಕೊಂಡು, ತಂಗಿಯ ಕಡೆ ತಿರುಗಿ, “ನಾನು ಅವತ್ತೇ ಹೇಳಿರಲಿಲ್ವಾ,” ಅಂದಳು. ಮೂವತ್ತು ವರ್ಷ ಕಾದಿಟ್ಟಿದ್ದ ಮಾತು. ಒಂದು ಅಕ್ಷರವೂ ತುಕ್ಕು ಹಿಡಿದಿರಲಿಲ್ಲ.

ಇದಾಗಿ ಹನ್ನೊಂದು ದಿನ. ಪೊರೆ ತೆಗೆಯಬೇಕು, ಆಮೇಲೆ ಒಂದು ತಿಂಗಳು ಆರೈಕೆ ಬೇಕು ಎಂದು ಡಾಕ್ಟರ್ ಹೇಳಿದ್ದರಿಂದ ಅಕ್ಕ ಇಲ್ಲೇ ಇದ್ದಾಳೆ. ಅವಳು ಮಗ್ಗಿ ಹೇಳುವುದಿಲ್ಲ, ಹಾಡುವುದೂ ಇಲ್ಲ. ಬಚ್ಚಲಲ್ಲಿ ಕೂತು ಹಾಜರಿ ಕರೆಯುತ್ತಾಳೆ. “ನಂಬರ್ ಒಂದು” ಅಂದರೆ ನಾನು. ಎಲ್ಲಿದ್ದರೂ ‘ಹಾಜರ್’ ಅನ್ನಬೇಕು. ತಡವಾದರೆ ಕಾರಣ ಕೇಳುತ್ತಾಳೆ, ಸೀಳಿನ ಮೂಲಕ. ನಂಬರ್ ಎರಡು ಹೆಂಡತಿ, ಮೂರು ತಿದ್ದುಪಡಿ. ನಾಲ್ಕಕ್ಕೆ ಎದುರು ಮನೆಯ ಡ್ರೈವರ್ ತಾನಾಗಿ ಹೆಸರು ಬರೆಸಿದ್ದಾನೆ.

ಮರದ ಅಂಗಡಿಗೆ ಹೋಗಿದ್ದೆ. ಒರಟು ರೀಪು ಕೊಡುತ್ತಾರಂತೆ, ನಯ ಮಾಡಿಕೊಡುವುದು ಅವರ ವಿಭಾಗವಲ್ಲವಂತೆ. ಆ ನಿಯಮ ಎಲ್ಲಿಂದ ಬಂತು ಎಂದು ಕೇಳಿದೆ. ಯಾವುದೋ ಕಾಲದ ಹೋರಾಟದಿಂದ, ಅಂದ ಅಲ್ಲಿಯ ಹುಡುಗ.

ಆದ್ದರಿಂದ ಇದನ್ನು ಓದುತ್ತಿರುವ ನಿಮಗೇ ನೇರವಾಗಿ ಹೇಳುತ್ತಿದ್ದೇನೆ. ನನ್ನದು ಒಂದೇ ಬೇಡಿಕೆ. ಒಂದು ರೀಪು ಬೇಕು. ಅಗಲ ಒಂದು ಬೆರಳು, ಉದ್ದ ಆರಡಿ ನಾಲ್ಕಂಗುಲ, ನಾಲ್ಕೂ ಮೈ ನಯವಾಗಿರಬೇಕು. ಸಹಾನುಭೂತಿ ಬೇಡ, ಸಲಹೆ ಬೇಡ, ಪರಿಶೀಲಿಸುತ್ತೇನೆ ಎಂಬ ಮಾತಂತೂ ಬೇಡವೇ ಬೇಡ. ನಿಮ್ಮ ಮನೆಯಲ್ಲಿ ಹತ್ತರಿ ಇದ್ದರೆ ಈಗ ಏಳಿ, ಹೊಡೆಯಿರಿ, ಭಾನುವಾರದೊಳಗೆ ತಂದುಕೊಡಿ. ಬಂದಾಗ ಒಳಗಿನಿಂದ “ನಂಬರ್ ಐದು” ಎಂದು ಕೇಳಿಸಿದರೆ ತಡಮಾಡದೆ ‘ಹಾಜರ್’ ಅನ್ನಿ.